ಕಡಲು ಕಂಡು ಬಂದ ಯಡೂರಿನ ಅಂಬಿಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಚೆ ದಂಡೆ ಕಾಣುವುದಿಲ್ಲ. ಅಲ್ಲಿ ಯಾರೋ ಕೆಮ್ಮಿದ್ದು ಮಾತ್ರ ನೀರಿನ ಮೇಲಿಂದ ಕೇಳಿಸುತ್ತದೆ. ಯಡೂರಿನ ದಡದಲ್ಲಿ ದುರಗಪ್ಪ ಮೊಣಕಾಲುದ್ದ ರಾಡಿಯಲ್ಲಿ ನಿಂತು, ನಾವೆಯೊಳಗೆ ನಿಂತ ಮಳೆನೀರನ್ನು ಡಬ್ಬಿಯಿಂದ ಗೋರಿ ಹೊರಗೆ ಚೆಲ್ಲುತ್ತಿದ್ದಾರೆ. ಕೃಷ್ಣೆ ಕೆಂಪಗೆ ಉಬ್ಬಿದ್ದಾಳೆ. ಕಬ್ಬಿನ ಒಣಗರಿ, ಬೇರುಸಮೇತ ಕಿತ್ತ ಜಾಲಿ, ಯಾರದೋ ಮನೆಯ ಬಿದಿರು ಬುಟ್ಟಿ ಒಂದರ ಹಿಂದೆ ಒಂದು ಸರಿದು ಹೋಗುತ್ತಿವೆ.

"ಮ್ಯಾಲೆ ಕೊಲ್ಲಾಪುರದ ಕಡೆ ಮಳಿ ಜಗ್ಗಿ ಆಗೈತ್ರಿ" ಎನ್ನುತ್ತಾರೆ ದುರಗಪ್ಪ. "ಇವತ್ತ ಮಧ್ಯಾಹ್ನದ ತನಕಾ ನಾವ ಹಾಕ್ತೀನಿ. ಆಮ್ಯಾಲೆ ಯಾರ ಬಂದು ಕೈಮುಗದ್ರೂ ಇಲ್ಲ."

ಬೇಸಿಗೆಯಲ್ಲಿ ಜನ ತಗ್ಗಿನ ಸೇತುವೆಯ ಮೇಲೆ ನಡೆದೇ ಹೊಳೆ ದಾಟುತ್ತಾರೆ. ಮಳೆಗಾಲದಲ್ಲಿ ಸೇತುವೆ ಮುಳುಗಿತೆಂದರೆ ಈ ನಾವೆಯೇ ಗತಿ. ಶಾಲೆಗೆ ಹೋಗುವವರು, ಹಾಲಿನ ಕ್ಯಾನಿನವರು, ಚಿಕ್ಕೋಡಿಯ ಕೋರ್ಟಿಗೆ ಹೊರಟವರು, ವೀರಭದ್ರನ ದರ್ಶನಕ್ಕೆ ಬಂದವರು ಎಲ್ಲರೂ ಇದನ್ನೇ ಹತ್ತಬೇಕು. ದಿನಕ್ಕೆ ಹತ್ತು-ಹನ್ನೆರಡು ಸಲ ದುರಗಪ್ಪ ಈ ದಂಡೆಯಿಂದ ಆ ದಂಡೆಗೆ ಗಳ ಊರುತ್ತಾರೆ.

ಆದರೆ ಹತ್ತುವ ಮೊದಲು ಒಂದು ಕೆಲಸವಿದೆ. ದಡದ ಬೇವಿನ ಕೊಂಬೆಗೆ ತೋಳಿಲ್ಲದ ಅಂಗಿಗಳಂಥವು ಸಾಲಾಗಿ ತೂಗುತ್ತಿವೆ. ಹೊರಗೆ ಯೂರಿಯಾ ಚೀಲದ ಬಟ್ಟೆ, ಒಳಗೆ ನಿಪ್ಪಾಣಿಯ ಟೀವಿ ಅಂಗಡಿಯವರು ಎಸೆದ ಥರ್ಮಾಕೋಲಿನ ತುಂಡು, ಮುಂದೆ ಕಟ್ಟಿಕೊಳ್ಳಲು ಲಾಡಿ. ದುರಗಪ್ಪನವರ ಹೆಂಡತಿ ಸತ್ತೆವ್ವ ಮತ್ತು ಅತ್ತಿಗೆ ಸಕ್ಕುಬಾಯಿ ಕೈಯಲ್ಲೇ ಹೊಲಿದ ಇವಕ್ಕೆ ಊರವರು ಇಟ್ಟ ಹೆಸರು 'ದುರಗಪ್ಪನ ಕೌದಿ'. ಇದನ್ನು ತೊಡದವರನ್ನು ಅವರು ನಾವೆಗೆ ಹತ್ತಿಸುವುದಿಲ್ಲ.

ಶಾಲೆಯ ರಾಜಮತಿ ಟೀಚರ್ ಸೀರೆಯ ಮೇಲೆಯೇ ಒಂದನ್ನು ಹಾಕಿಕೊಂಡು ಸುಮ್ಮನೆ ಕೂತರು. ದ್ರಾಕ್ಷಿ ತೋಟದ ಮಾಲೀಕ ದಾದಾಸಾಹೇಬರು ಮಾತ್ರ ಇಸ್ತ್ರಿಯ ಬಿಳಿ ಅಂಗಿ ನೋಡಿಕೊಂಡು ಮುಖ ಸಿಂಡರಿಸಿದರು.

"ಏ ದುರಗಪ್ಪ, ನಾ ಈ ಹೊಳ್ಯಾಗ ಈಸಿ ದೊಡ್ಡಾಂವ ಆಗೇನಿ. ನನಗ್ಯಾಕೋ ಈ ಗೊಬ್ಬರದ ಚೀಲಾ?"

"ಹಂಗಿದ್ರ ಈಸ್ಕೊಂತ ಬರ್ರಿ, ಸಾವ್ಕಾರ್ರ. ನಾವಿನ್ಯಾಗ ಕುಂಡ್ರಾವ್ರು ಹಾಕ್ಕೋಬೇಕ್ರಿ."

ಹತ್ತಿದವರೆಲ್ಲ ನಕ್ಕರು. ದುರಗಪ್ಪ ನಗಲಿಲ್ಲ. ಗಳವನ್ನು ನೀರಿನಿಂದ ಮೇಲೆತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಬಹಳ ಹೊತ್ತಾದ ಮೇಲೆ ದಾದಾಸಾಹೇಬರು ಗೊಣಗುತ್ತ ಲಾಡಿ ಕಟ್ಟಿಕೊಂಡರು. ನಾವೆ ಹೊರಟಿತು.

ಈ ಹಟ ಎಲ್ಲಿಂದ ಬಂತು ಎಂದು ಊರಿನವರಿಗೆ ಅರ್ಧ ಗೊತ್ತು. ದುರಗಪ್ಪನವರ ಅಣ್ಣ ಭರಮು ಇದೇ ಹೊಳೆಯ ಪಾಲಾದವರು. ಉಳಿದರ್ಧ ಹೊಳೆಯಿಂದ ಬಲು ದೂರ, ಇಂಗ್ಲೆಂಡಿನ ಕಡಲ ದಂಡೆಯಲ್ಲಿ ನಡೆದದ್ದು.

ಭರಮು ತಮ್ಮನಿಗಿಂತ ಹತ್ತು ವರ್ಷ ದೊಡ್ಡವರು. ಅಪ್ಪ ಬೇಗ ತೀರಿಕೊಂಡಿದ್ದರಿಂದ ನಾವೆಯೂ ಮನೆಯೂ ಭರಮುವಿನ ಹೆಗಲಿಗೇ ಬಿದ್ದವು. ಸುಳಿ ಎಲ್ಲಿ ತಿರುಗುತ್ತದೆ, ಗಳಕ್ಕೆ ನೆಲ ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ತಮ್ಮನಿಗೆ ಕಲಿಸಿದವರು ಅವರೇ. ನಾವೆಯನ್ನು ದಡಕ್ಕೆ ಎಳೆಯುವ ಹಗ್ಗ ಜಗ್ಗುವಾಗ ಒಂದು ಪದ ಹಾಡುತ್ತಿದ್ದರು; ಅದರ ತಾಳಕ್ಕೆ ನಾವೆ ಹತ್ತಿದವರೂ ಕೈ ಬಡಿಯುತ್ತಿದ್ದರಂತೆ. "ಒಂದು ಹೊಳಿಗೆ ಒಬ್ಬ ಅಂಬಿಗ ಸಾಕೋ" ಎಂದು ತಮ್ಮನನ್ನು ಬೆಳಗಾವಿಯ ಸೈನ್ಯ ಭರ್ತಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದವರೂ ಅವರೇ. ಅದು ಎಪ್ಪತ್ತೆಂಟನೆಯ ಇಸವಿ.

ಸೈನ್ಯದಲ್ಲಿ ದುರಗಪ್ಪನವರಿಗೆ ಸಿಕ್ಕಿದ್ದು ಹೊಳೆಗಳಿಗೆ ತೇಲುಸೇತುವೆ ಕಟ್ಟುವ ದಳ. ನೀರಿನಲ್ಲಿ ಅವರ ಕೆಲಸ ಕಂಡ ಕ್ಯಾಪ್ಟನ್ ನಿಂಬಾಳ್ಕರ ಎಂಬ ಅಧಿಕಾರಿ ಹಾಯಿದೋಣಿಯ ತಂಡಕ್ಕೆ ಎಳೆದುಕೊಂಡರು. ಡಿಂಗಿ ಎಂಬ ಪುಟ್ಟ ದೋಣಿ ಅದು. ಇಬ್ಬರೇ ಕೂರಬೇಕು. ಒಬ್ಬ ಚುಕ್ಕಾಣಿ ಹಿಡಿದರೆ ಇನ್ನೊಬ್ಬ ಮುಂದಿನ ಹಾಯಿಯ ಹಗ್ಗ ಹಿಡಿಯಬೇಕು. ಗಾಳಿಗೆ ದೋಣಿ ಒಂದು ಕಡೆ ವಾಲಿದಾಗ ಎದುರು ಅಂಚಿಗೆ ಕಾಲು ಸಿಕ್ಕಿಸಿ, ಇಡೀ ಮೈಯನ್ನು ನೀರಿನ ಮೇಲೆ ಹೊರಚಾಚಿ ಮಲಗಿ ಅದನ್ನು ನೆಟ್ಟಗೆ ಮಾಡಬೇಕು.

"ಸಾಹೇಬ್ರು ಗಾಳಿ ನೋಡಾವ್ರು, ನಾ ಸಾಹೇಬ್ರ ಮಾರಿ ನೋಡಾಂವ. ಮಾತ ಬೇಕಾಗತಿದ್ದಿಲ್ರಿ. ಬೇಕಾದಾಗ ಮರಾಠಿ."

ಎಂಬತ್ತೆಂಟರ ಆಗಸ್ಟಿನಲ್ಲಿ ಅವರಿಬ್ಬರೂ ಭಾರತದ ತಂಡದೊಂದಿಗೆ ಇಂಗ್ಲೆಂಡಿಗೆ, ಅಂತರರಾಷ್ಟ್ರೀಯ ಡಿಂಗಿ ಚಾಂಪಿಯನ್‌ಶಿಪ್ಪಿಗೆ ಹೋದರು. ವಿಮಾನ ಹತ್ತುವ ಮೊದಲು ದುರಗಪ್ಪ ಊರಿಗೆ ಬಂದಿದ್ದರು. ಭರಮು ಹೇಳಿದ್ದು ಒಂದೇ ಮಾತು: "ಕಡಲ ಉಪ್ಪ ಇರತೈತಂತ. ಕುಡದ ನೋಡಿ ಬಾ."

"ನೋಡಿದ್ನಿ. ಹೋದ ದಿವಸಾನ ಬೊಗಸಿ ಹಾಕಿ ಕುಡದ್ನಿ. ಅಲ್ಲಿ ನಿಂತಾವ್ರೆಲ್ಲಾ ನಕ್ರು."

ಮೊದಲ ದಿನವೇ ಒಂದು ಪ್ರಸಂಗ ನಡೆಯಿತು. ತೇಲು ಜಾಕೀಟನ್ನು ದುರಗಪ್ಪ ಹೆಗಲಿಗೆ ಹಾಕಿಕೊಂಡಿದ್ದರಷ್ಟೆ, ಗುಂಡಿ ಹಾಕಿರಲಿಲ್ಲ. ಕೃಷ್ಣೆಯ ಮಹಾಪೂರದಲ್ಲಿ ಈಜಿದವನಿಗೆ ಇದೇಕೆ ಎಂಬ ಭಾವ. ದಡದಲ್ಲಿ ನಿಂತಿದ್ದ ಬಿಳಿಗೂದಲ ಹೆಂಗಸೊಬ್ಬಳು ದೋಣಿ ತಡೆದಳು. ನೀರಿಗಿಳಿದು ಬಂದು, ತಾಯಿ ಮಗನ ಅಂಗಿಗೆ ಗುಂಡಿ ಹಾಕಿದ ಹಾಗೆ ಒಂದೊಂದನ್ನೇ ಹಾಕಿ, ಎದೆಗೆ ಮೆಲ್ಲಗೆ ಬಡಿದು ಕಳಿಸಿದಳು. ಪಕ್ಕದ ದೋಣಿಯಲ್ಲಿದ್ದ, ಹಿಂದೆ ಗೆದ್ದು ಹೆಸರಾದವರ ಗುಂಡಿಗಳನ್ನೂ ಆಕೆ ಹಾಗೆಯೇ ಪರೀಕ್ಷಿಸಿದ್ದನ್ನು ದುರಗಪ್ಪ ತಿರುಗಿ ನೋಡಿದರು.

ಸಂಜೆಗಳು ಬೇರೆಯೇ ಆಗಿದ್ದವು. ಸೈನ್ಯದಲ್ಲಾದರೆ ಅಧಿಕಾರಿಗಳ ಊಟದ ಮನೆ ಬೇರೆ, ಜವಾನರ ಊಟದ ಮನೆ ಬೇರೆ. ಇಲ್ಲಿ ಒಂದೇ ಉದ್ದನೆಯ ಕೋಣೆ, ಒಂದೇ ಬೆಂಚು. ಮೊದಲ ಸಂಜೆ ದುರಗಪ್ಪ ಬಾಗಿಲಲ್ಲೇ ನಿಂತರು. ನಿಂಬಾಳ್ಕರ ಒಳಗಿನಿಂದ ಕೈ ಮಾಡಿ ಪಕ್ಕದಲ್ಲಿ ಜಾಗ ತೋರಿಸಿದರು. ಸಾಹೇಬರ ತೊಡೆಗೆ ತೊಡೆ ತಾಗಿಸಿ ಕೂತು, ತಟ್ಟೆಯಿಂದ ಕಣ್ಣೆತ್ತದೆ ಆಲೂಗಡ್ಡೆ ತಿಂದು ಮುಗಿಸಿದೆ ಎನ್ನುತ್ತಾರೆ.

ಎರಡು ದಿನಗಳಲ್ಲಿ ಅದೂ ರೂಢಿಯಾಯಿತು. ಐರ್ಲೆಂಡಿನ ಡೆಕ್ಲನ್ ಎಂಬವನು ದೋಸ್ತನಾದ. ವೃತ್ತಿಯಲ್ಲಿ ಬಡಗಿ, ದೋಣಿಯಲ್ಲಿ ದುರಗಪ್ಪನವರ ಹಾಗೆ ಮುಂದಿನ ಹಗ್ಗ ಹಿಡಿಯುವವನು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಂಗೈ ತೋರಿಸಿ ಯಾರ ಬೊಕ್ಕೆ ದೊಡ್ಡದು ಎಂದು ನಗುತ್ತಿದ್ದರು. ಜಪಾನಿನವರು ಬಟ್ಟೆಯ ಪುಟ್ಟ ಬಾವುಟ ಹಂಚಿದರು. ದುರಗಪ್ಪ ಸತ್ತೆವ್ವ ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆ ಹಂಚಿದರು. ಜನ ಮತ್ತೆ ಮತ್ತೆ ಬಂದು ಕೇಳಿದರು.

ರೇಸುಗಳಲ್ಲಿ ಮಾತ್ರ ಅವರ ದೋಣಿ ನಡುಮಧ್ಯೆ ಎಲ್ಲೋ ಇತ್ತು. ಕೊನೆಯ ದಿನ ಗಾಳಿ ಎದ್ದಿತು. ಹಲವು ದೋಣಿಗಳು ಬೋರಲಾದವು. ಇವರದು ನಿಂತಿತು. ದುರಗಪ್ಪನವರ ಬೆನ್ನು ಅಲೆಯನ್ನು ಸವರುವಷ್ಟು ಹೊರಗೆ ಚಾಚಿತ್ತು. ಉಪ್ಪುನೀರಿಗೆ ಕಣ್ಣು ತೆರೆಯಲಾಗದೆ ಸಾಹೇಬರ ಉಸಿರಿನ ಸದ್ದು ಕೇಳಿಯೇ ಹಗ್ಗ ಬಿಡುತ್ತಿದ್ದರು, ಎಳೆಯುತ್ತಿದ್ದರು. ಆ ರೇಸಿನಲ್ಲಿ ಅವರು ಮೂರನೆಯವರಾಗಿ ಮುಗಿಸಿದರು.

ಆ ಸಂಜೆಯ ಊಟದಲ್ಲಿ ಪ್ರತಿ ದೇಶದವರೂ ಒಂದೊಂದು ಹಾಡು ಹೇಳಬೇಕಿತ್ತು. ಡೆಕ್ಲನ್ ದುರಗಪ್ಪನವರನ್ನು ಮೇಜಿನ ಮೇಲೆ ಹತ್ತಿಸಿದ. ಅವರ ಬಾಯಿಗೆ ಬಂದದ್ದು ಅಣ್ಣ ಹಗ್ಗ ಜಗ್ಗುವಾಗಿನ ಪದ. ಇಡೀ ಕೋಣೆ ಮೇಜು ಬಡಿಯಿತು. ದುರಗಪ್ಪ ಹಾಡುತ್ತಲೇ ಕೆಳಗಿಳಿದು ಕುಣಿದರು. ನಿಂಬಾಳ್ಕರ ಸಾಹೇಬರು ಮಾತ್ರ ಕುಣಿಯಲಿಲ್ಲ. ಗೋಡೆಗೆ ಒರಗಿ ನಿಂತು, ಹಾಡು ಮುಗಿಯುವ ಮೊದಲೇ ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಕಡಲ ದಂಡೆಯಲ್ಲಿ ಇಬ್ಬರೂ ಹಾಯಿ ಸುತ್ತುತ್ತಿದ್ದಾಗ ನಿಂಬಾಳ್ಕರ ಮರಾಠಿಯಲ್ಲಿ ಅಂದರು: "ದುರಗಪ್ಪಾ, ಘರಚೀ ಖಬರ ಆಹೇ." ಮನೆಯ ಸುದ್ದಿ ಇದೆ.

ಊರಲ್ಲಿ ಹೊಳೆ ಏರಿದ್ದ ದಿನ. ಬಾಜಾರದಿಂದ ಮರಳಿದ ಮಂದಿ ಗುಂಪಾಗಿ ನಾವೆ ಹತ್ತಿದ್ದರು. ಒಲ್ಲೆ ಎನ್ನಲು ಭರಮುವಿಗೆ ಆಗಿರಲಿಲ್ಲ, ಎಲ್ಲರೂ ಗುರುತಿನವರು. ತೇಲಿ ಬಂದ ಮರವೊಂದು ಬಡಿದು ನಾವೆ ಮಗುಚಿತು. ಭರಮು ಜನರನ್ನು ಒಬ್ಬೊಬ್ಬರನ್ನಾಗಿ ದಡದ ಕಡೆ ನೂಕಿದರು. ಕೊನೆಗೆ ಒಬ್ಬ ಮುದುಕಿಗಾಗಿ ಮತ್ತೆ ತಿರುಗಿದವರು ಮೇಲೆ ಬರಲಿಲ್ಲ. ಮುದುಕಿಯೂ ಉಳಿಯಲಿಲ್ಲ.

"ಯಾವತ್ತ?" ಎಂದು ಕೇಳಿದರು ದುರಗಪ್ಪ.

ಅದು ಆಗಿ ಐದು ದಿನವಾಗಿತ್ತು. ಮರುದಿನವೇ ಪುಣೆಯಿಂದ ತಂಡದ ಮುಖ್ಯಸ್ಥರಿಗೆ ಫೋನು ಬಂದಿತ್ತು. ಸ್ಪರ್ಧೆ ಮುಗಿಯುವವರೆಗೆ ಹೇಳುವುದು ಬೇಡವೆಂದು ಅವರು ನಿರ್ಧರಿಸಿದ್ದರು. ನಿಂಬಾಳ್ಕರ ಒಪ್ಪಿದ್ದರು. ಹೇಗೂ ಮಣ್ಣು ಮಾಡುವ ಹೊತ್ತಿಗೆ ಊರು ಮುಟ್ಟುವುದಿಲ್ಲ, ಹೇಳಿ ಏನು ಮಾಡುವುದು ಎಂಬುದು ಅವರ ಲೆಕ್ಕ.

"ನಾ ಸಿಟ್ಟಿಗೇಳಲಿಲ್ರಿ. ಹಾಯಿ ಅರ್ಧಾ ಸುತ್ತಿದ್ದೆ, ಉಳದದ್ದು ಸುತ್ತಿದ್ನಿ. ಆಮ್ಯಾಲೆ ಒಂದೊಂದ ನೆಪ್ಪ ಬರಾಕತ್ತಿತು. ಅವತ್ತ ಹೋಳ್ಗಿ ಹಂಚಿದ್ನೆಲ್ಲ. ಅವತ್ತ ನಕ್ಕಿದ್ನೆಲ್ಲ. ನಿನ್ನೆ ಅಂವನ ಪದಾ ಅಂದು ಕುಣದ್ನೆಲ್ಲ. ಸಾಹೇಬ್ರಿಗೆ ಗೊತ್ತಿತ್ತು, ನನಗ ಗೊತ್ತಿದ್ದಿಲ್ಲ."

ಡೆಕ್ಲನ್‌ಗೆ ಯಾರೋ ವಿಷಯ ತಿಳಿಸಿದ್ದರು. ಬಸ್ಸಿನ ಹತ್ತಿರ ಬಂದವನು ದುರಗಪ್ಪನವರ ಎರಡೂ ಕೈ ಹಿಡಿದುಕೊಂಡು ಬಸ್ಸು ಹೊರಡುವವರೆಗೆ ನಿಂತಿದ್ದನಂತೆ.

ಊರಿಗೆ ಬಂದಾಗ ಸತ್ಕಾರಕ್ಕೆಂದು ಗ್ರಾಮಸ್ಥರು ಮೊದಲೇ ಗೊತ್ತುಮಾಡಿದ್ದ ಬ್ಯಾಂಡಿನವರನ್ನು ಬೇಡವೆಂದು ಕಳಿಸಲಾಗಿತ್ತು. ಕೈಯಲ್ಲಿ ಚಾಕಲೇಟಿನ ಡಬ್ಬಿ ಹಿಡಿದು ಅಂಗಳದಲ್ಲಿ ನಿಂತ ಮೈದುನನನ್ನು ಭರಮುವಿನ ಹೆಂಡತಿ ಸಕ್ಕುಬಾಯಿ ಕೇಳಿದ್ದು ಒಂದೇ: "ಅವರ್ನ ಮಣ್ಣ ಮಾಡಿ ಬಂದ್ವಿ. ಆ ದಿನಗೋಳ್ದಾಗ ನೀ ಅಲ್ಲಿ ಏನ ಮಾಡಾಕತ್ತಿದ್ದಿ?"

"ಕುಣ್ಯಾಕತ್ತಿದ್ನಿ, ವೈನಿ."

ಸಕ್ಕುಬಾಯಿ ಒಳಗೆ ಹೋದರು. ಆಮೇಲೆ ಆ ಮಾತು ಆ ಮನೆಯಲ್ಲಿ ಬರಲಿಲ್ಲ. ಒಂದೇ ಒಲೆಯ ಅಡುಗೆ ಉಂಡರು, ಭರಮುವಿನ ಮಗಳ ಮದುವೆ ಮಾಡಿದರು. ಆದರೆ ಇಂಗ್ಲೆಂಡಿನ ಹೆಸರೆತ್ತಿದರೆ ಇಬ್ಬರಲ್ಲಿ ಒಬ್ಬರು ಎದ್ದು ಹೋಗುತ್ತಿದ್ದರು.

ಮರುವರ್ಷ ತಂಡಕ್ಕೆ ಕರೆದಾಗ ದುರಗಪ್ಪ ಒಲ್ಲೆ ಎಂದರು. ಡಿಂಗಿ ಹತ್ತಲೇ ಇಲ್ಲ. ಸೇವಾವಧಿ ಮುಗಿಸಿ ತೊಂಬತ್ತಮೂರರಲ್ಲಿ ಹೊರಬಂದಾಗ ದೊಡ್ಡ ನಗರದ ದೋಣಿ ಕ್ಲಬ್ಬೊಂದರಲ್ಲಿ ಕೆಲಸ ಸಿಗುತ್ತಿತ್ತು. ಬಿಟ್ಟು ಯಡೂರಿಗೆ ಬಂದರು. ಭರಮು ಹೋದ ಮೇಲೆ ದಡದಲ್ಲಿ ಕೊಳೆಯುತ್ತ ಬಿದ್ದಿದ್ದ ನಾವೆಗೆ ಹಲಗೆ ಬಡಿದರು. ಜಾಕೀಟುಗಳಿಗಾಗಿ ಪಂಚಾಯ್ತಿ, ತಹಶೀಲ್ದಾರರ ಕಚೇರಿ ಎಂದು ಅಲೆದರು, ಅಲ್ಲಿಯವರು ನಕ್ಕು ಕಳಿಸಿದರು. ಮೊದಲು ಒಣ ಸೋರೆ ಬುರುಡೆ ಕಟ್ಟಿ ನೋಡಿದರು, ಒಡೆದುಹೋದವು. ಆಮೇಲೆ ಥರ್ಮಾಕೋಲು.

ಕಳೆದ ವರ್ಷ ನಿಂಬಾಳ್ಕರ ಇಲ್ಲಿಗೆ ಬಂದಿದ್ದರು. ಈಗ ನಿವೃತ್ತರು, ಒಂದು ಮೊಣಕಾಲು ಬಾಗುವುದಿಲ್ಲ. ದಡದ ಕಲ್ಲಿನ ಮೇಲೆ ಕೂತು, ನಾನು ತಪ್ಪು ಮಾಡಿದೆ ದುರಗಪ್ಪ, ಅಂದರು.

"ಆತ ಬಿಡ್ರಿ ಅಂದ್ನಿ. ಮತ್ತೇನ ಅನ್ನಾಕ ಬರತೈತ್ರಿ? ಆದ್ರ ಅದು ಬಾಯಿ ಮಾತ. ಒಳಗಿಂದು ಇನ್ನಾ ಆಗಿಲ್ಲ. ಚಾ ಕುಡಿಸಿ ಕಳಿಸಿದ್ನಿ."

ಅಂದೇ ಹೇಳಿದ್ದರೆ ಕೊನೆಯ ರೇಸಿಗೆ ಇಳಿಯುತ್ತಿದ್ದರೇ ಎಂದು ಕೇಳಿದರೆ ದುರಗಪ್ಪ ಗಳಕ್ಕೆ ಮೆತ್ತಿದ ರಾಡಿ ಒರೆಸುತ್ತಾರೆ. "ಗೊತ್ತಿಲ್ರಿ. ಅದನ್ನ ಕೇಳ್ಕೊಳ್ಳೂ ಹಕ್ಕ ನಂದಿತ್ತು. ಅದನ್ನ ಅವ್ರು ತಾವ ಇಟ್ಕೊಂಡ್ರು."

ಮಧ್ಯಾಹ್ನ. ಅವರು ಹೇಳಿದಂತೆಯೇ ಹೊಳೆ ಏರಿದೆ. ದುರಗಪ್ಪ ನಾವೆಯನ್ನು ಮೇಲೆಳೆದು ಕಟ್ಟಿದ್ದಾರೆ. ದಡದಲ್ಲಿ ಮೂರ್ನಾಲ್ಕು ಜನ ಬೈಯುತ್ತಿದ್ದಾರೆ. ಅವರಲ್ಲಿ ಒಬ್ಬ ಸೋದರ ಸಂಬಂಧಿಯೂ ಇದ್ದಾನೆ. ದುರಗಪ್ಪ ಗಳ ಹೆಗಲಿಗೇರಿಸಿ ಮನೆಯ ದಾರಿ ಹಿಡಿಯುತ್ತಾರೆ.

ಪಡಸಾಲೆಯಲ್ಲಿ ಸಕ್ಕುಬಾಯಿ ಹರಿದ ಲಾಡಿಯೊಂದಕ್ಕೆ ಹೊಲಿಗೆ ಹಾಕುತ್ತಿದ್ದಾರೆ. ಈಚೆಗೆ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿಕೊಡುವುದು ದುರಗಪ್ಪನವರ ಕೆಲಸ. ಈ ಆಷಾಢದಲ್ಲಿ ಹೀಗೇ ಕೂತಿದ್ದಾಗ, ತಲೆಯೆತ್ತದೆ, ಸಕ್ಕುಬಾಯಿ ಕೇಳಿದರಂತೆ: "ಅಲ್ಲಿ ಕಡಲಾಗ ನೀವು ನಾವ ಹೆಂಗ ಓಡಸ್ತಿದ್ರೆಪಾ? ಹೇಳ ಒಂದೀಟ."

ದುರಗಪ್ಪ ಹೇಳಿದರು. ಉಪ್ಪುನೀರು, ಬಿಳಿಗೂದಲ ಹೆಂಗಸು, ಬಡಗಿ ದೋಸ್ತ, ಕೊನೆಯ ದಿನದ ಗಾಳಿ, ನೀರಿಗೆ ಬೆನ್ನು ತಾಗಿದ್ದು, ಮೇಜಿನ ಮೇಲಿನ ಪದ. ಒಂಬತ್ತು ವರ್ಷ ಯಾರಿಗೂ ಪೂರ್ತಿ ಹೇಳಿರದಿದ್ದನ್ನು ಹೇಳಿದರು. ಸಕ್ಕುಬಾಯಿ ನಡುವೆ ಒಂದೇ ಸಲ, "ಎಷ್ಟನೇದಾವ್ರು ಬಂದ್ರಿ?" ಎಂದರು.

"ಅವತ್ತಿನ ರೇಸಿನ್ಯಾಗ ಮೂರನೇದಾವ್ರು, ವೈನಿ."

ಆಕೆ ಹಲ್ಲಿನಿಂದ ದಾರ ಕತ್ತರಿಸಿದರು. ಆಮೇಲೆ ಅಂದದ್ದನ್ನು ಹೇಳುವಾಗ ದುರಗಪ್ಪನವರ ದನಿ ತುಸು ಗಟ್ಟಿಯಾಗುತ್ತದೆ.

"'ನಿಮ್ಮಣ್ಣ ಇದ್ದಿದ್ರ ಒಂದನೇದಾವ್ರ ಬಂದ್ರಂತ ಊರತುಂಬ ಹೇಳ್ಕೊಂತ ಅಡ್ಡಾಡತಿದ್ರು' ಅಂದ್ರು. ಅಂವ ಹಂಗ ಮಾಡಾಂವನ ಇದ್ದನ್ರಿ."