ಮೊದಲು ಓಟವೋ, ಮೊದಲು ಭಾರವೋ?

ಗೆಳತಿಯರೇ, ಜಿಮ್ಮಿನಲ್ಲಿ ನನಗೂ ನಮ್ಮ ಮನೆಯವರಿಗೂ ದಿನಾ ನಡೆಯುವ ಜಗಳ ಇವತ್ತು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇತ್ಯರ್ಥವಾಯಿತು. ಅವರು ಮೊದಲು ಟ್ರೆಡ್‌ಮಿಲ್ ಅನ್ನುತ್ತಾರೆ, ನಾನು ಮೊದಲು ಡಂಬೆಲ್ ಅನ್ನುತ್ತೇನೆ.

ಕೊಟ್ಟೂರಿನ ನನ್ನ ತವರಿಗೆ ಅಕ್ಕಿ ಚೀಲ ಒಯ್ಯುತ್ತಿದ್ದೆವು. ಬಸ್ಸು ಬಂದ ಕೂಡಲೇ ಜನ ಮುಗಿಬಿದ್ದರು.

"ನೀ ಇಲ್ಲೇ ನಿಂದ್ರು. ಮೊದ್ಲು ಓಡಿ ಸೀಟ್ ಹಿಡಿತೀನಿ, ಆಮ್ಯಾಲ ಚೀಲ ಎತ್ತಿದ್ರಾತು."

"ಸುಸ್ತಾಗೋಕಿಂತ ಮೊದ್ಲು ಚೀಲ ಎತ್ರಿ" ಎಂದೆ. ಕೇಳುವವರು ಯಾರು? ಓಡಿದರು. ಕಿಟಕಿಯಿಂದ ಟವಲ್ ಒಗೆದು, ಸಿಕ್ಕ ಒಂದೇ ಸೀಟು ಹಿಡಿದು, ಏದುಸಿರು ಬಿಡುತ್ತ ವಾಪಸ್ ಬಂದರು. ಚೀಲ ಅವರ ಮೊಣಕಾಲಿನವರೆಗೆ ಎದ್ದು ಮತ್ತೆ ನೆಲಕ್ಕೆ ಕುಳಿತಿತು.

"ಒಂದ್ ನಿಮಿಷ ತಡಿ, ದಮ್ಮ ಹತ್ತೈತಿ."

ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ನಾನು ಸೆರಗು ಸಿಗಿಸಿ, ಚೀಲವನ್ನು ಹೆಗಲಿಗೇರಿಸಿಕೊಂಡು ಹೋಗಿ ಬಸ್ಸಿನೊಳಗೆ ಇಳಿಸಿದೆ. ಮನೆಯವರು ನನ್ನ ವ್ಯಾನಿಟಿ ಬ್ಯಾಗ್ ಹಿಡಿದು ಹಿಂದೆ ಹತ್ತಿದರು.

"ಅಕ್ಕಾರು ಕುಂದರ್ಲಿ ಬಿಡ್ರಿ ಸಾರ್, ಚೀಲ ಹೊತ್ತಾರ" ಎಂದ ಕಂಡಕ್ಟರ್.

ಇದನ್ನು ಅವರ ಟವಲ್ ಮೇಲೆ ಕುಳಿತೇ ಬರೆಯುತ್ತಿದ್ದೇನೆ. ಅವರದೂ ಅವರ ಕ್ರಮದಂತೆಯೇ ಸಾಗಿದೆ ಬಿಡಿ: ಓಟ ಮುಗಿಯಿತು, ಈಗ ಕೊಟ್ಟೂರಿನ ತನಕ ಮೇಲಿನ ಕಂಬಿ ಹಿಡಿದು ತೋಳಿನ ವ್ಯಾಯಾಮ.