ಲಾಂಡ್ರಿಯ ಹಿಂದಿನ ಹಾಡುಗಾರ್ತಿ

ನಮ್ಮ ನಗರದ ಬ್ಲೂಸ್ ಸಂಗೀತದ ಬಗ್ಗೆ ಬರೆದವರೆಲ್ಲರೂ ಬಂದರಿನ ಎದುರಿನ ದೊಡ್ಡ ಹೋಟೆಲಿನಿಂದಲೇ ಆರಂಭಿಸುತ್ತಾರೆ. ಇದು ತಪ್ಪು. ಹೋಟೆಲಿನವರು ಬ್ಲೂಸ್ ಹಾಡತೊಡಗಿದ್ದು 1961ರಲ್ಲಿ. ಅದಕ್ಕೂ ಮೊದಲೇ, 1957ರ ಜೂನ್ 8ರ ಶನಿವಾರದಿಂದ, ಒಂದು ಲಾಂಡ್ರಿಯ ಹಿಂದಿನ ಕೊಠಡಿಯಲ್ಲಿ ಬಂದರಿನ ಹಮಾಲರೂ ಬಟ್ಟೆ ಒಗೆಯುವವರೂ ವಾರದ ಕೆಲಸ ಮುಗಿದ ಮೇಲೆ ಸೇರಿ ಅದನ್ನು ನುಡಿಸುತ್ತಿದ್ದರು. ಪತ್ರಿಕೆಯವರು ಅತ್ತ ತಲೆಹಾಕಲಿಲ್ಲ. ಅಲ್ಲಿ ಹಾಡುತ್ತಿದ್ದವಳು ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು. ಎಲ್ಲರಿಗೂ ಆಕೆ ಅಕ್ಕ, ನನಗೂ ಅಕ್ಕನೇ.

ಅಕ್ಕ ಹುಟ್ಟಿದ್ದು 1936ರ ಆಗಸ್ಟ್ 2ರಂದು. ಯಾರನ್ನೂ ಸುಲಭವಾಗಿ ನಂಬುವ ಜಾಯಮಾನ ಆಕೆಯದಲ್ಲ. ಜೇಬು ಖಾಲಿಯೆಂದು ಗಿರಾಕಿ ಆಣೆಯಿಟ್ಟು ಹೇಳಿದರೂ ಅದನ್ನು ಹೊರಗೆಳೆದು ನೋಡದೆ ಇಸ್ತ್ರಿ ಇಡುತ್ತಿರಲಿಲ್ಲ. ಆಕೆಯ ತಮ್ಮ ಪಿಯಾನೋಗಳಿಗೆ ಶ್ರುತಿ ಮಾಡುವವನು. ಅನುಮಾನಪಡುವುದರಲ್ಲಿ ಅವನು ಅಕ್ಕನಿಗಿಂತಲೂ ಒಂದು ಕೈ ಮೇಲು.

ಆ ಕೊಠಡಿಯ ಹಳೆಯ ಪಿಯಾನೋ ಲಾಂಡ್ರಿಯ ಬಾಯ್ಲರಿನ ಗೋಡೆಗೆ ಒರಗಿಕೊಂಡಿತ್ತು. ಹಬೆಗೆ ಅದರ ತಂತಿಗಳು ತುಕ್ಕು ಹಿಡಿದಿದ್ದವು. ಸರಿಯಾದ ಶ್ರುತಿಗೆ ಬಿಗಿದರೆ ತುಂಡಾಗುತ್ತಿದ್ದವು. ಆದ್ದರಿಂದ ತಮ್ಮ ಅದನ್ನು ಅರ್ಧ ಸ್ವರ ಕೆಳಗೇ ನಿಲ್ಲಿಸಿದ್ದ. ಗಿಟಾರಿನವರೂ ಅದಕ್ಕೇ ಹೊಂದಿಸಿಕೊಂಡರು. ಅಕ್ಕನ ಕಂಠವೂ ಅಲ್ಲಿಯೇ ನೆಲೆಯೂರಿತು.

1964ರ ಮಾರ್ಚ್ 14ರಂದು ಯಾರೋ ಟೇಪ್ ಯಂತ್ರ ತಂದು ಅಲ್ಲಿ ಒಂದು ಹಾಡನ್ನು ಮುದ್ರಿಸಿಕೊಂಡು ಹೋದರು. ಮರುವರ್ಷ ಅದು ಗಾಯಕಿಯ ಹೆಸರಿಲ್ಲದೆ ಗ್ರಾಮಫೋನ್ ತಟ್ಟೆಯಾಗಿ ಬಂತು. ಗ್ರಾಮಫೋನ್ ಇಟ್ಟುಕೊಳ್ಳುವ ಸ್ಥಿತಿ ಅಕ್ಕನ ಮನೆಯಲ್ಲಿ ಇಲ್ಲದ್ದರಿಂದ ಆಕೆ ಅದನ್ನು ಕೇಳಲೇ ಇಲ್ಲ.

1998ರಲ್ಲಿ ನಗರದ ಧ್ವನಿ ಸಂಗ್ರಹಾಲಯವು ಅದೇ ಹಾಡನ್ನು ಹೊಸದಾಗಿ ಹೊರತರಲು ನಿರ್ಧರಿಸಿತು. ಗಾಯಕಿ ತಾನೇ ಎಂದು ಅಕ್ಕ ಹೇಳಿದಳು. ಹೋಟೆಲಿನಲ್ಲಿ ಹಾಡುತ್ತಿದ್ದ, ಎಲ್ಲರೂ ‘ಚಿನ್ನದ ಚಪ್ಪಲಿ’ ಎಂದು ಕರೆಯುತ್ತಿದ್ದ ಇನ್ನೊಬ್ಬ ಹೆಂಗಸು ಕೂಡ ಹಾಡಿದ್ದು ತಾನೇ ಎಂದು ಪಟ್ಟುಹಿಡಿದಳು. ಕೊಠಡಿಯ ವಾದ್ಯಗಳನ್ನು ಬಲ್ಲವರ ಪೈಕಿ ಉಳಿದಿದ್ದವನು ತಮ್ಮನೊಬ್ಬನೇ. ಅವನು ಹೇಳಿದಂತೆಯೇ ಹೆಸರು ಅಚ್ಚಾಗುವುದೆಂದು ಸಂಗ್ರಹಾಲಯದ ಮೇಡಂ ತೀರ್ಮಾನಿಸಿದರು.

ಅಕ್ಟೋಬರ್ 12ರ ಸೋಮವಾರ ಸಂಗ್ರಹಾಲಯದಲ್ಲಿ ಆ ಹಳೆಯ ತಟ್ಟೆ ತಿರುಗಿತು. ಅಕ್ಕನ ಜೊತೆಯಲ್ಲಿ ನಾನೂ ಹೋಗಿದ್ದೆ. ತಮ್ಮ ತಲೆ ಅಲ್ಲಾಡಿಸಿದ.

“ಇದು ನಮ್ಮ ಕೊಠಡೀದಲ್ಲ.”

“ಏನಂದೆ?” ಎಂದಳು ಅಕ್ಕ.

“ಶ್ರುತಿ ಮೇಲಿದೆ ಅಕ್ಕಾ. ನಮ್ಮ ಪಿಯಾನೋನ ಇಷ್ಟು ಬಿಗಿದಿದ್ರೆ ತಂತಿ ನನ್ನ ಮುಖಕ್ಕೇ ಹಾರ್ತಿತ್ತು. ಹಿಂದೆ ಫ್ಯಾನ್ ಬೇರೆ ಗುಂಯ್ ಅಂತಿದೆ. ಹೋಟೆಲಿಂದೇ ಇರಬೇಕು.”

“ನನ್ನ ದನಿ ನನಗೆ ಗೊತ್ತಾಗಲ್ವೇನೋ?”

“ಇದು ಎಳೇ ಹುಡುಗಿ ದನಿ. ನಿಂದು ಆಗಲೇ ಕೀಲು ಸವೆದ ಬಾಗಿಲಿನ ಥರ ಇತ್ತು.”

“ಚಿನ್ನದ ಚಪ್ಪಲಿ ನಿನಗೆ ಕಾಫಿ ಕುಡಿಸಿದ್ಲಾ? ನಿಜ ಹೇಳು.”

“ನನ್ನ ಮೇಲೇ ಅನುಮಾನಾನಾ? ಇವರು ನನ್ನ ಕಿವೀನ ಪರೀಕ್ಷೆ ಮಾಡ್ತಿದ್ದಾರೆ ಕಣೆ. ಅಕ್ಕ ಅಂತ ಹೂಂ ಅಂದುಬಿಟ್ರೆ ನಾಳೆ ಊರೆಲ್ಲ ನಗುತ್ತೆ.”

ಮೇಡಂ ಮುಖ ಬಿಗಿಯಿತು. “ಹಾಗಾದ್ರೆ ಹೋಟೆಲಿನವರ ಹೆಸರು ಹಾಕ್ಲಾ?”

ಅಕ್ಕ ಮತ್ತೊಮ್ಮೆ ಹಾಕುವಂತೆ ಕೈಸನ್ನೆ ಮಾಡಿದಳು. ಕಡೆಯ ಸಾಲು ಬರುತ್ತಲೇ ಆಕೆಯ ಹುಬ್ಬು ಗಂಟಿಕ್ಕಿತು.

“ಏನು ಅವಸರ ಇವಳಿಗೆ? ನಾನು ನಡೆಸಿದ ಹಾಡು ಇದರಲ್ಲಿ ಓಡ್ತಾ ಇದೆ. ನಿಮ್ಮ ಯಂತ್ರ ಸರಿ ಇದೆಯಾ?”

“ನಿನ್ನೆ ತಾನೇ ಪರೀಕ್ಷೆ ಮಾಡಿಸಿದ್ದು ಅಮ್ಮಾ.”

“ಹಾಗಾದ್ರೆ ತಟ್ಟೆ ಮಾಡಿದೋನ ಮೇಲೇ ನನಗೆ ಗುಮಾನಿ.” ಹೀಗೆಂದವಳೇ ಅಕ್ಕ ತಿರುಗುವ ತಟ್ಟೆಯ ಅಂಚಿಗೆ ಹೆಬ್ಬೆರಳು ಒತ್ತಿದಳು.

“ಅಯ್ಯೋ, ಮುಟ್ಟಬೇಡಿ! ಅದೊಂದೇ ಉಳಿದಿರೋದು!” ಎಂದು ಮೇಡಂ ಎದ್ದುನಿಂತರು.

ತಟ್ಟೆ ನಿಧಾನವಾಯಿತು. ಎಳೆಯ ದನಿ ದಪ್ಪವಾಗುತ್ತ, ಒರಟಾಗುತ್ತ ಕೆಳಗಿಳಿಯಿತು. ಹಿಂದಿನ ಗುಂಯ್‌ಕಾರವೂ ಜೊತೆಗೇ ಇಳಿದು ಒಂದು ಕಡೆ ನಿಂತಿತು. ತಮ್ಮನು ಕುರ್ಚಿಯ ತುದಿಗೆ ಜರುಗಿದ.

“ಕೈ ತೆಗೀಬೇಡ! ಹಾಗೇ ಇರಲಿ!” ಎಂದು ಕೂಗಿದ. “ಅದು ಫ್ಯಾನಲ್ಲ. ಬಾಯ್ಲರು! ಐದು ನಿಮಿಷ ನಿಲ್ಲಿಸ್ರಪ್ಪಾ, ಶ್ರುತಿ ಮಾಡ್ತೀನಿ ಅಂತ ಎಷ್ಟು ಬೇಡ್ಕೊಂಡ್ರೂ ಆ ಲಾಂಡ್ರಿ ಮೇಸ್ತ್ರಿ ನಿಲ್ಲಿಸ್ತಿರಲಿಲ್ಲ. ಅದೇ ಪೀಡೆ ಇದು!”

ಶ್ರುತಿ ಕೆಳಗಿದ್ದುದನ್ನು ಟೇಪಿನ ದೋಷವೆಂದು ಬಗೆದು, ತಟ್ಟೆ ಮಾಡಿದವನು ವೇಗ ಹೆಚ್ಚಿಸಿ ‘ಸರಿಪಡಿಸಿ’ರಬೇಕೆಂದು ಮೇಡಂ ಊಹಿಸಿದರು. ನನ್ನ ಊಹೆಯೂ ಅದೇ. ತಮ್ಮ ಎದ್ದುನಿಂತು, ಹಾಡು ಲಾಂಡ್ರಿಯ ಕೊಠಡಿಯದೆಂದೂ ದನಿ ಅಕ್ಕನದೆಂದೂ ಅಧಿಕೃತವಾಗಿ ಹೇಳಿದ.

“ಈಗ ಒಪ್ಕೊಂಡ್ಯಲ್ಲ,” ಎಂದಳು ಅಕ್ಕ.

“ನಿನ್ನ ಮಾತಿಗಲ್ಲ. ಬಾಯ್ಲರಿನ ಮಾತಿಗೆ.”

ಹೊರಬರುವಾಗ ಮೇಡಂ, ಹೆಸರು ಖಂಡಿತ ಬರುತ್ತದೆಂದು ಅಕ್ಕನ ಕೈಹಿಡಿದು ಹೇಳಿದರು. ಅಕ್ಕ ಕೈ ಬಿಡಿಸಿಕೊಂಡು, “ಬಂದ ಮೇಲೆ ಹೇಳಿ,” ಎಂದಳು.

ಹೊಸ ತಟ್ಟೆಯನ್ನು ಮೇಡಂ ತಾವೇ ಆಕೆಯ ಮನೆಗೆ ತಂದುಕೊಟ್ಟದ್ದು 1999ರ ಫೆಬ್ರವರಿ 20ರ ಶನಿವಾರ. ಗ್ರಾಮಫೋನನ್ನು ಎರವಲು ತಂದು ತಮ್ಮ ಕಾದಿದ್ದ. ಅಕ್ಕ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಡುವಿನ ಚೀಟಿಯಲ್ಲಿದ್ದ ತನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. ಅದರ ಮೇಲೆ ಉಗುರಿನಿಂದ ಒಮ್ಮೆ ಕೆರೆದಳು, ಇನ್ನೊಮ್ಮೆ ಕೆರೆದಳು. ಅಕ್ಷರ ಅಲುಗಲಿಲ್ಲ.

“ಇಲ್ಲ, ಮೇಲಿಂದ ಅಂಟಿಸಿದ್ದಲ್ಲ,” ಎಂದು ತಟ್ಟೆಯನ್ನು ತಮ್ಮನ ಕೈಗಿಟ್ಟಳು. “ಈಗ ಹಾಕು, ಕೇಳೋಣ.”