ಸೇರಿಗೆ ಒರಗಿದ ಲ್ಯಾಪ್‌ಟಾಪು

ನಮ್ಮ ಮನೆಯ ಹಿತ್ತಾಳೆ ಸೇರು ಅಳೆಯುವ ಕೆಲಸದಿಂದ ನಿವೃತ್ತಿ ಪಡೆದು ಒರಗುವವರಿಗೆ ಬೆನ್ನು ಕೊಡುವ ಕೆಲಸಕ್ಕೆ ಬಂದು ಬಹಳ ದಿನವಾಗಿತ್ತು. ಅದರ ತುಂಬ ತೊಗರಿ ಬೇಳೆ ಹಾಕಿ, ನಡುಮನೆಯ ನೆಲದ ಮೇಲೆ ನೀರಿನ ರಂಜಣಗಿಯ ಮಗ್ಗುಲಿಗೆ ಇಟ್ಟು, ನನ್ನ ಲ್ಯಾಪ್‌ಟಾಪಿನ ಮುಚ್ಚಳವನ್ನು ಅದಕ್ಕೆ ಆನಿಸುತ್ತಿದ್ದೆ. ಬೇಳೆ ತುಂಬದಿದ್ದರೆ ಸೇರು ಜಾರುತ್ತಿತ್ತು. ಸೇರು ಜಾರಿದರೆ ಮುಚ್ಚಳವು ಅಂಗಾತ ಮಲಗಿ, ಸಂಸಾರದಲ್ಲಿ ಇನ್ನೇನೂ ಉಳಿದಿಲ್ಲವೆಂಬ ವೈರಾಗ್ಯದಿಂದ ಜಂತಿಗಳನ್ನು ನೋಡತೊಡಗುತ್ತಿತ್ತು. ಜಗತ್ತಿನ ಜ್ಞಾನಕ್ಕೆಲ್ಲ ಹೆಬ್ಬಾಗಿಲೆಂದು ಹೊಗಳಿಸಿಕೊಂಡ ಯಂತ್ರವೊಂದು ಸೇರು ಬೇಳೆಯ ಬಲದಿಂದ ನಿಂತಿತ್ತು ಎಂದು, ಮಿತ್ರರೇ, ನೀವು ನಗಬಾರದು. ಕಲಬುರಗಿ ಸೀಮೆಯಲ್ಲಿ ನಾವೆಲ್ಲ ನಿಂತಿರುವುದು ಅದರ ಬಲದಿಂದಲೇ.

ಯಂತ್ರವನ್ನು ಮೇಜಿನಿಂದ ನೆಲಕ್ಕೆ ಇಳಿಸಿದವನು ನಾನಲ್ಲ, ಸೇಡಂನ ಬಿಸಿಲು. ತಾಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದು, ನಿವೃತ್ತಿ ಸಮೀಪಿಸಿದಾಗ, ಇನ್ನು ಮುಂದೆ ಕಡತಗಳ ಬದಲು ಸಾಹಿತ್ಯ ಬರೆಯುವೆನೆಂಬ ಭ್ರಮೆಯಲ್ಲಿ ಇದನ್ನು ಕೊಂಡಿದ್ದೆ. ಮನೆಗೆ ತಂದ ದಿನ ಹೆಂಡತಿ ನೀಲಮ್ಮ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಕಾಯಿಯ ನೀರು ಒಂದೆರಡು ಹನಿ ಸಿಡಿದು ಒಳಗೆ ಹೋದದ್ದರಿಂದ ಅದಕ್ಕೆ ಹುಟ್ಟಾ ನೆಗಡಿ. ಅದರ ಫ್ಯಾನು ತಿರುಗತೊಡಗಿದರೆ ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟು ಹೊತ್ತ ಗೂಡ್ಸು ಗಾಡಿ ಹೊರಟಂತೆ ಕೇಳಿಸುತ್ತದೆ. ಒಂದು ಬೇಸಗೆಯ ಮಧ್ಯಾಹ್ನ, ಅದು ಮೇಜಿನ ಮೇಲೆ ಕಾದು ಕಾದು, ನನ್ನ ಪ್ರಬಂಧವೊಂದರ ನಡುವಿನಲ್ಲಿಯೇ ಕಣ್ಣು ಮುಚ್ಚಿತು. ಪ್ರಬಂಧದ ಗುಣಮಟ್ಟಕ್ಕೆ ಅದು ತೋರಿದ ವಿಮರ್ಶೆಯೆಂದು ಮೊದಲು ಭಾವಿಸಿದೆ. ಆಮೇಲೆ ಏನೋ ಹೊಳೆದು ಅದನ್ನೆತ್ತಿ ಶಹಾಬಾದಿನ ಪರಸಿಗಲ್ಲಿನ ನೆಲದ ಮೇಲಿಟ್ಟೆ. ರಂಜಣಗಿಯ ಬುಡದಲ್ಲಿ ಸದಾ ಒದ್ದೆಯಾಗಿರುವ ಕಲ್ಲಿನ ಪಕ್ಕದ ಕಲ್ಲದು. ಸ್ವಲ್ಪ ಹೊತ್ತಿಗೆ ಯಂತ್ರ ನಿಟ್ಟುಸಿರು ಬಿಟ್ಟು ಕಣ್ಣು ತೆರೆಯಿತು.

ನನಗೇನೂ ಅಚ್ಚರಿಯಾಗಲಿಲ್ಲ. ಚಿತ್ತಾಪುರದ ಅಜ್ಜಿಯ ಮನೆಯಲ್ಲಿ ಬೇಸಗೆಯ ರಜೆ ಕಳೆದ ಯಾವ ಹುಡುಗನಿಗೂ ಆಗಲಿಕ್ಕಿಲ್ಲ. ಊಟವಾದ ಮೇಲೆ ಅಜ್ಜಿ ಪರಸಿಯ ಮೇಲೆ ನೀರು ಚಿಮುಕಿಸಿ ಒರೆಸುವಳು. ನಾವು ಅಂಗಿ ಕಳೆದು ಬೆನ್ನು ಚಾಚುವೆವು. ಕಲ್ಲಿನ ತಂಪು ಮೊದಲು ಬೆನ್ನಿಗೆ, ಆಮೇಲೆ ಹೊಟ್ಟೆಗೆ, ಕಡೆಗೆ ಕಣ್ಣಿನ ರೆಪ್ಪೆಗೆ ಏರುವುದು. ಎದ್ದಾಗ ಕೆನ್ನೆಯ ಮೇಲೆ ಕಲ್ಲುಗಳ ಸಂದಿನ ಗೆರೆ ಮೂಡಿರುತ್ತಿತ್ತು. ಆ ಗೆರೆ ಹೊತ್ತುಕೊಂಡೇ ಸಂಜೆ ಬೀದಿಯಲ್ಲಿ ಆಡುತ್ತಿದ್ದೆವು. ಬೀದಿಯ ಹುಡುಗರೆಲ್ಲರ ಕೆನ್ನೆಯ ಮೇಲೂ ಅದೇ ಮೊಹರು. ಈಗ ಬಂದಿರುವ ನುಣುಪು ಟೈಲ್ಸು ಜಾರಿಸುತ್ತದೆಯೇ ಹೊರತು ಯಾರ ಕೆನ್ನೆಗೂ ಗುರುತು ಹಾಕುವುದಿಲ್ಲ.

ಇರಲಿ. ಕಲ್ಲು ಯಂತ್ರದ ಜ್ವರವನ್ನು ಇಳಿಸಿತು, ಮುಪ್ಪನ್ನು ಇಳಿಸಲಾಗಲಿಲ್ಲ. ಕಳೆದ ವರ್ಷ ಮುಚ್ಚಳದ ಕೀಲು ಸಡಿಲವಾಯಿತು. ವಾಡಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಮಹಬೂಬ್ ಅದನ್ನು ಒಮ್ಮೆ ಎತ್ತಿ, ಒಮ್ಮೆ ಬೀಳಿಸಿ, ಕಾಯಿಲೆಯವನ ಎದುರು ಡಾಕ್ಟರು ಆಡುವ ಸ್ವರದಲ್ಲಿ, "ಸಾಬ್, ಇದರ ಪಾರ್ಟು ಈಗ ಹೈದ್ರಾಬಾದಿನ್ಯಾಗೂ ಸಿಗಂಗಿಲ್ಲ. ಮನಿಗಿ ಒಯ್ದು ಖುಷಿಲೆ ಇಡ್ರಿ" ಎಂದ. ಅಂದಿನಿಂದ ಸೇರಿನ ಆಧಾರ. ಚಿತ್ತಾಪುರದಲ್ಲಿ ಟೀಚರಾಗಿರುವ ಮಗಳು ಶಿವಲೀಲಾ ಈ ವ್ಯವಸ್ಥೆಯನ್ನು ನೋಡಿದಾಗಲೆಲ್ಲ ಹಣೆ ಹಣೆ ಬಡಿದುಕೊಳ್ಳುತ್ತಾಳೆ. "ಅಪ್ಪಾ, ಜನ ನೋಡಿದ್ರ ನಗ್ತಾರ. ಹೊಸಾ ಮಾಡೆಲ್ ತೊಗೋರಿ. ಮುಟ್ಟಿದ್ರ ಸಾಕು, ತೆರಕೋತದ. ಮಾರಿ ಅಂತೂ ಕನ್ನಡ್ಯಾಗ ನೋಡಿದಂಗ ಕಾಣ್ತದ."

ನಾನು ಈ ವಿಷಯವನ್ನು ಕಚೇರಿಯ ಕ್ರಮದಲ್ಲಿಯೇ ಪರಿಶೀಲನೆಗೆ ಎತ್ತಿಕೊಂಡೆ. ಅಂದರೆ, ಅದರ ಬಗ್ಗೆ ತಿಂಗಳುಗಟ್ಟಲೆ ಏನನ್ನೂ ಮಾಡಲಿಲ್ಲ. ಹೊಸದರ ಪರವಾಗಿ ವೇಗವಿತ್ತು, ಹಗುರವಿತ್ತು, ಮಗಳಿದ್ದಳು. ಹಳೆಯದರ ಪರವಾಗಿ ನನ್ನ ಬೆರಳುಗಳಿದ್ದವು. ಕೀಲಿಗಳ ಮೇಲಿನ ಅಕ್ಷರಗಳು ಅಳಿಸಿಹೋದ ಮೇಲೂ ಕತ್ತಲಲ್ಲಿ ದೇವರ ಮನೆಗೆ ಹೋಗುವ ಹಾಗೆ ಅವು ತಪ್ಪದೆ ಹೋಗುತ್ತಿದ್ದವು. ನೀಲಮ್ಮ ಹೊಸದರ ಪಕ್ಷವೆಂದು ನಾನು ಗಟ್ಟಿಯಾಗಿ ನಂಬಿದ್ದೆ. ಆ ಯಂತ್ರವನ್ನು ಅವಳು ಮೊದಲ ದಿನದಿಂದಲೂ ಸವತಿಯೆಂದೇ ಕರೆದವಳು. ಆದರೆ ಒಂದು ದಿನ ಊಟಕ್ಕೆ ಬಡಿಸುತ್ತ, ನನ್ನ ಮುಖ ನೋಡದೆ, "ಯಾಕ ಬೇಕ್ರಿ ಹೊಸಾದು? ಇದೇ ಛಲೋ ಅದ. ಇದ್ದದ್ದು ಇರ್ಲಿ ಬಿಡ್ರಿ" ಎಂದುಬಿಟ್ಟಳು. ಸವತಿಯ ಪರವಾಗಿ ಇಂಥ ಸಾಕ್ಷಿ ಬಂದದ್ದು ಯಾವ ಕೋರ್ಟಿನಲ್ಲಿಯೂ ಇರಲಿಕ್ಕಿಲ್ಲ.

ಕಾರಣ ತಿಳಿಯಲು ನನಗೆ ಕೆಲವು ದಿನ ಬೇಕಾದವು. ನಿಮಗೆ ತಿಳಿಯಬೇಕಾದರೆ ನೀಲಮ್ಮನ ತಂಗಿ ಸಂಗಮ್ಮನ ಸುದ್ದಿ ಹೇಳಬೇಕು. ಕಾಳಗಿಯಲ್ಲಿ ಬಸ್ಸು ಬದಲಿಸಿದರೆ ಊಟದ ಹೊತ್ತಿಗೆ ಮುಟ್ಟಬಹುದಾದ ಕೊಡ್ಲಿ ಅವಳ ಊರು. ಕೆಲವು ವರ್ಷಗಳ ಹಿಂದೆ ಅವಳ ಮಗನ ಮದುವೆ ನಡೆಯಿತು. ಕುಂಕುಮ ಹಿಡಿದು ಮನೆಗೆ ಬಂದು ಕರೆಯಬೇಕಾದ ಅಕ್ಕನನ್ನು, ಗಡಿಬಿಡಿಯಲ್ಲಿ, ಸಂಗಮ್ಮ ಫೋನಿನಲ್ಲಿ ಕರೆದಳು. "ನಾ ಏನ್ ಶಾಮಿಯಾನದಾಕಿ ಏನ್ರಿ, ಫೋನ್ ಹಚ್ಚಿದ ಕೂಡ್ಲೆ ಬರ್ಲಿಕ್ಕೆ?" ಎಂದು ನೀಲಮ್ಮ ಹೋಗಲಿಲ್ಲ. "ಮದಿವಿಗೇ ಬರಲಾರದಾಕಿ ಇನ್ಯಾತಕ್ಕ ಬರ್ತಾಳ?" ಎಂದು ಸಂಗಮ್ಮ ಮಾತು ಬಿಟ್ಟಳು. ಅತ್ತ ಕೊಡ್ಲಿಗೂ ಇತ್ತ ಸೇಡಂಗೂ ನಡುವೆ ಬಸ್ಸುಗಳು ಓಡಾಡಿದವು, ಅಕ್ಕ ತಂಗಿ ಓಡಾಡಲಿಲ್ಲ.

ಕಳೆದ ಚಳಿಗಾಲದಲ್ಲಿ ಶಿವಲೀಲಾ ಬಂದಿದ್ದಾಗ, ಯಾರನ್ನೂ ಕೇಳದೆ ಲ್ಯಾಪ್‌ಟಾಪಿನಿಂದ ಚಿಕ್ಕಮ್ಮನ ಫೋನಿಗೆ ವಿಡಿಯೋ ಕಾಲ್ ಹಚ್ಚಿ, "ಮಾತಾಡ್ರಿ" ಎಂದು ಹೇಳಿ, ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಮಂಚದ ಮೇಲೆ ಪತ್ರಿಕೆಯ ಮರೆಯಲ್ಲಿ ಅಡಗಿದೆ. ನೀಲಮ್ಮ ಆಗ ನೆಲದ ಮೇಲೆ ಕುಳಿತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ಆ ಕಡೆಯಿಂದಲೂ ಮಾತಿಲ್ಲ. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಇನ್ನೊಂದು ಮೊರ ಕೇರುವ ಸದ್ದು ಕೇಳಿಸಿತು. ಸೇಡಂನ ಮೊರ ಒಂದು ಹೊಡೆತ, ಕೊಡ್ಲಿಯ ಮೊರ ಒಂದು ಹೊಡೆತ. ಮಂಚದಿಂದ ನೆಲಕ್ಕಿಳಿದು ಮೆಲ್ಲನೆ ಇಣುಕಿದೆ. ಪರದೆಯ ಮೇಲೆ ಮುಖವಿರಲಿಲ್ಲ. ಎರಡು ಕೈ, ಹಸಿರು ಬಳೆ, ಮೊರ, ಬೇಳೆ. ನಮ್ಮ ಕಡೆಯದೂ ಅಷ್ಟೇ: ಸೇರಿಗೆ ಒರಗಿ ನೆಟ್ಟಗೆ ನಿಂತ ಮುಚ್ಚಳದ ಕ್ಯಾಮೆರಾಕ್ಕೆ ನೆಲದ ಮಟ್ಟದಿಂದ ನೀಲಮ್ಮನ ಮಡಿಲು ಮಾತ್ರ ಕಾಣುತ್ತಿತ್ತು.

ಆಮೇಲೆ ಅದೊಂದು ರೂಢಿಯಾಯಿತು. ಮಧ್ಯಾಹ್ನದ ಊಟವಾದೊಡನೆ ನೀಲಮ್ಮ ಮೊರ ಹಿಡಿದು ಬಂದು, "ರೀ, ಹಚ್ಚಿ ಕೊಡ್ರಿ" ಎನ್ನುವಳು. ಬೇಳೆ, ಅಕ್ಕಿ, ಮೆಂತ್ಯೆ ಪಲ್ಯದ ಸೊಪ್ಪು, ಬೆಳ್ಳುಳ್ಳಿ. ಹಸನು ಮಾಡಲು ಏನೂ ಇಲ್ಲದ ದಿನ, ನಿನ್ನೆ ಹಸನು ಮಾಡಿದ್ದನ್ನೇ ಮತ್ತೆ ಹಸನು ಮಾಡುವಳು. ಮಾತು ನಡೆದರೆ ಬೇಳೆಯ ಬಗ್ಗೆ. "ಈ ಸಲದ್ದು ಭಾಳ ಸಣ್ಣ ಅದ." "ಹೂಂ, ನಮ್ಮಲ್ಲೂ ಹಂಗೇ." ಮದುವೆಯ ಮಾತಿಲ್ಲ, ಮುಖವಿಲ್ಲ, ಜಗಳವಿಲ್ಲ. ಹೊಸ ಯಂತ್ರ ಬಂದರೆ ಕನ್ನಡಿಯಲ್ಲಿ ಕಂಡಂತೆ ಮುಖ ಕಾಣುತ್ತದೆಯೆಂದು ಮಗಳು ಹೇಳಿದ್ದಳಲ್ಲ, ನೀಲಮ್ಮ ಹೆದರಿದ್ದು ಅದಕ್ಕೇ. ಮುಖ ಕಂಡರೆ ಕಣ್ಣು ಕಾಣುತ್ತವೆ. ಕಣ್ಣು ಕಂಡರೆ ಮದುವೆ ನೆನಪಾಗುತ್ತದೆ. ಆಮೇಲೆ ಈ ಬೇಳೆಯ ಮಾತೂ ಉಳಿದೀತೆ?

ಅವಳ ಹೆದರಿಕೆ ಅರ್ಥವಾದ ಮೇಲೆ ನನಗೆ ನಮ್ಮ ಕಾಲದ ಮಾತುಕತೆಗಳೆಲ್ಲ ನೆನಪಾಗತೊಡಗಿದವು. ಆಗ ಜನ ಕಟ್ಟೆಯ ಮೇಲೆ ಸಾಲಾಗಿ ಬೀದಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಎಮ್ಮೆ ಹೋಗುತ್ತಿತ್ತು, ಸೈಕಲ್ಲು ಹೋಗುತ್ತಿತ್ತು, ಅವುಗಳನ್ನು ನೋಡುತ್ತ, ಬಾಯಿಂದ ಹೊರಡಲು ಕಷ್ಟವಾದ ಮಾತುಗಳನ್ನೆಲ್ಲ ಹೊರಡಿಸಿಬಿಡುತ್ತಿದ್ದರು. ಹೆಂಗಸರು ಬೀಸುವಾಗ, ಶಾವಿಗೆ ಹೊಸೆಯುವಾಗ, ಕಣ್ಣು ಕೈಯ ಮೇಲಿರುತ್ತಿತ್ತು, ಮಾತು ಪಕ್ಕದವಳ ಕಿವಿಗೆ ಹೋಗುತ್ತಿತ್ತು. ನನ್ನ ತಂದೆ ನನ್ನೊಡನೆ ಮನಸ್ಸು ಬಿಚ್ಚಿ ಆಡಿದ ಮಾತುಗಳೆಲ್ಲ ಬಸ್ಸಿನ ಸೀಟಿನ ಮೇಲೆ, ಇಬ್ಬರೂ ಡ್ರೈವರನ ಬೆನ್ನು ನೋಡುತ್ತಿದ್ದಾಗ ಆಡಿದವು. ಎದುರುಬದುರು ಕೂರುವ ಪದ್ಧತಿ ಕಚೇರಿಯದು. ಅಲ್ಲಿ ನಡುವೆ ಮೇಜಿರುತ್ತದೆ, ಒಬ್ಬ ಕೇಳುತ್ತಾನೆ, ಇನ್ನೊಬ್ಬ ನಾಳೆ ಬಾ ಎನ್ನುತ್ತಾನೆ. ವೃತ್ತಿಯುದ್ದಕ್ಕೂ ಎದುರಿನವರ ಮುಖವನ್ನೇ ನೋಡಿದ ನನಗೆ ಎಷ್ಟು ಜನ ನಿಜ ಹೇಳಿದ್ದಾರು? ಹೀಗೆಲ್ಲ ಯೋಚಿಸಿ, ಮುರಿದ ಕೀಲನ್ನು ಸನ್ಮಾನಿಸುವ ಮಟ್ಟಕ್ಕೆ ಬಂದು, ಹೊಸದರ ಪ್ರಸ್ತಾಪವನ್ನು ಕಾಯಂ ಆಗಿ ತಿರಸ್ಕರಿಸಿದೆ. ಶಾಂತಿಯನ್ನು ಕಾಪಾಡಿದ ಹೆಮ್ಮೆಯಿಂದ ನನ್ನ ಕೊರಳು ಸ್ವಲ್ಪ ಉದ್ದವೂ ಆಗಿತ್ತು.

ಮೊನ್ನೆಯ ಮಧ್ಯಾಹ್ನ ಎರಡೂ ಮೊರಗಳು ಎಂದಿನಂತೆ ನಡೆದಿದ್ದವು. ಕೊಡ್ಲಿಯ ಮೊರ ನಿಂತಿತು.

"ಅಕ್ಕಾ."

"ಹೂಂ."

"ಇನ್ನಾ ಸಿಟ್ಟು ಹೋಗಿಲ್ಲೇನ್ ನಿಂದು?"

ಸೇಡಂನ ಮೊರವೂ ನಿಂತಿತು. ನನ್ನ ಪತ್ರಿಕೆ ತಾನಾಗಿಯೇ ಕೆಳಗಿಳಿಯಿತು.

"ಯಾವ ಸಿಟ್ಟವ್ವ?"

"ಮತ್ತ ದಿನಾ ಬರೀ ಕೈ ಅಷ್ಟೇ ತೋರಸ್ತಿ. ಮೊದಲ್ನೇ ದಿನ ನಾ ಮಾರಿ ಮುಂದ ಹಿಡಕೊಂಡೇ ಕುಂತಿದ್ದೆ. ನೀ ತೋರ್ಸಲಿಲ್ಲ. ಅಕ್ಕನೇ ತೋರ್ಸಲ್ಲ ಅಂದ್ಮ್ಯಾಲ ನಂದೇನು ಅಂತ ನಾನೂ ಫೋನ್ ಕೆಳಗ ಇಟ್ಟೆ."

ನೀಲಮ್ಮ ಮೊರವನ್ನು ಕೆಳಗಿಟ್ಟಳು. ಆಮೇಲೆ ತವರಿನ ಧ್ವನಿಯೆಲ್ಲ ಒಮ್ಮೆಗೇ ಹೊರಟಿತು: "ಅಯ್ಯ ನಿನ್ನ! ನೀನೇ ಮಾರಿ ಮುಚ್ಚಿಕೊಂಡೀದಿ ಅಂತ ನಾ ತಿಳಕೊಂಡೀನಿ! ಇದರಾಗ ನಂದೇನದ? ನಿಮ್ಮ ಮಾಮಾನ ಲ್ಯಾಪ್‌ಟಾಪಿನ ಸೊಂಟ ಮುರದದ!"

ಆ ಕಡೆ ನಗೆ ಎದ್ದಿತು. ಈ ಕಡೆಯೂ ಎದ್ದಿತು. ಎರಡು ನಗೆಗಳ ನಡುವೆ ಮೆಂತ್ಯೆಯಂತೆ ಸಣ್ಣಗೆ ಏನೋ ಕಹಿಯೂ ಇತ್ತು. ಮೂಗು ಎಳೆಯುವ ಸದ್ದು ಯಾವ ಊರಿನದೆಂದು ನನಗೆ ತಿಳಿಯಲಿಲ್ಲ.

"ಹಂಗಾದ್ರ ಮ್ಯಾಲ ಮಾಡು, ನೋಡ್ತೀನಿ."

ನೀಲಮ್ಮ ಸೇರನ್ನು ಸರಿಸಿ ಮುಚ್ಚಳವನ್ನು ಹಿಂದಕ್ಕೆ ವಾಲಿಸಿದಳು. ಅದು ತನ್ನ ಧರ್ಮಕ್ಕೆ ತಕ್ಕಂತೆ ದೊಪ್ಪೆಂದು ಮಲಗಿತು.

"ಅಕ್ಕಾ, ನಿಮ್ಮ ಮನಿ ಜಂತಿ ಕಾಣ್ಲಿಕತ್ತದ."

"ರೀ! ಕುಂತು ತಮಾಷಾ ನೋಡ್ಲಿಕತ್ತೀರೇನು? ಬರ್ರಿ, ಹಿಡೀರಿ!"

ಹೋದೆ. ಮೊಣಕಾಲಿನ ಕೀಲುಗಳ ಆಕ್ಷೇಪಣೆಯನ್ನು ತಳ್ಳಿಹಾಕಿ ಪರಸಿಯ ಮೇಲೆ ಕುಳಿತು, ಮುಚ್ಚಳದ ಹಿಂದಿನಿಂದ ಎರಡೂ ಕೈಯಲ್ಲಿ ಅದನ್ನು ಹಿಡಿದೆ. ನನಗೆ ಸಂಗಮ್ಮ ಕಾಣುವಂತಿರಲಿಲ್ಲ. ಮುಚ್ಚಳದ ಮೇಲಂಚಿನಾಚೆ ನೀಲಮ್ಮನ ಮುಖ ಕಾಣುತ್ತಿತ್ತು. ಪರದೆಯ ಬೆಳಕು ಬಿದ್ದ ಆ ಮುಖದಲ್ಲಿ, ನಾನು ಮದುವೆಯಾಗುವುದಕ್ಕೂ ಮೊದಲು ಯಾರೋ ಕಂಡಿದ್ದ ಹುಡುಗಿಯೊಬ್ಬಳು ಇದ್ದಳು.

"ಎಷ್ಟು ಸೊರಗೀದಿಯವ್ವ."

"ನಿನ್ನ ಕೂದ್ಲಾ ಎಲ್ಲಾ ಬೆಳ್ಳಗಾಗ್ಯಾವಲ್ಲ ಅಕ್ಕಾ. ಕೈ ನೋಡಿದ್ರ ತಿಳೀತಿರಲಿಲ್ಲ."

 ಆಮೇಲೆ ಸಂಗಮ್ಮ, "ಮೊಮ್ಮಗನ ಜಾವಳ ಅದ, ಅಕ್ಕಾ" ಎಂದಳು. ಮತ್ತೆ ಫೋನಿನಲ್ಲೇ ಕರೆದುಬಿಡುವಳೋ ಎಂದು ನಾನು ಕಿವಿ ನಿಮಿರಿಸಿದೆ. ಅವಳೇ ಮುಂದುವರಿಸಿದಳು: "ಹಿಂಗ ಕರ್ಯಲ್ಲ. ಕುಂಕುಮ ತೊಗೊಂಡು ಬರ್ತೀನಿ. ಮನ್ಯಾಗ ಇರ್ತಿ ಇಲ್ಲೋ?"

"ನಾ ಎಲ್ಲಿ ಹೋಗ್ಲವ್ವ," ಎಂದು ನೀಲಮ್ಮ ಸೆರಗನ್ನು ಕಣ್ಣಿಗೆ ಒಯ್ದಳು.

"ಅಕ್ಕಾ, ಯಾಕ ಹಿಂಗ ಅಳ್ಳಾಡ್ಲಿಕತ್ತಿ?"

"ನಾ ಅಲ್ಲ. ನಿಮ್ಮ ಮಾಮಾನ ಕೈ ನಡುಗ್ಲಿಕತ್ತಾವ." ಹಾಗೆಂದವಳು ನನ್ನ ಕಡೆ ತಿರುಗಿದಳು: "ನಾಳಿಗೇ ಹೋಗಿ ಹೊಸಾದು ನೋಡ್ಕೊಂಡು ಬರ್ರಿ."

ಪಕ್ಕಪಕ್ಕ ಕೂರುವುದರ ಹಿರಿಮೆಯ ಬಗ್ಗೆ ನಾನು ಕಟ್ಟಿದ ತತ್ತ್ವವು ಅಲ್ಲಿಗೆ ಸಮಾಪ್ತವಾಯಿತೆ? ಪೂರ್ತಿಯಾಗಿ ಅಲ್ಲ. ಇಷ್ಟು ದಿನ ಬೇಳೆ ನೋಡುತ್ತ ಕೂರದೆ ಇದ್ದಿದ್ದರೆ ಆ ಪ್ರಶ್ನೆ ಕೇಳುವ ಧೈರ್ಯ ಸಂಗಮ್ಮನಿಗೆ ಬರುತ್ತಿರಲಿಲ್ಲ. ಆದರೆ ಕೈಗಳು ಮಾಡಬಹುದಾದಷ್ಟನ್ನು ಮಾಡಿ ಮುಗಿಸಿದ ಮೇಲೆ ಮುಖಗಳಿಗೆ ಸರದಿ ಬಿಟ್ಟುಕೊಡಬೇಕಾಗುತ್ತದೆ. ಮರುದಿನ ಹೋಗಿ ಹೊಸದಕ್ಕೆ ಹೇಳಿ ಬಂದೆ. ಅಂಗಡಿಯವನು ವೇಗದ ಬಗ್ಗೆ, ನೆನಪಿನ ಬಗ್ಗೆ ಬಹಳ ವಿವರಿಸಿದ. ನಾನು ಮುಚ್ಚಳವನ್ನು ಮಾತ್ರ ಹಿಂದಕ್ಕೆ ವಾಲಿಸಿ, ಕೈ ಬಿಟ್ಟು, ಅದು ಬೀಳದೆ ನಿಲ್ಲುವುದನ್ನು ಕಣ್ತುಂಬ ನೋಡಿದೆ. ಹಳೆಯದು ಎಲ್ಲಿಗೂ ಹೋಗುವುದಿಲ್ಲ. ಕಲ್ಲಿನ ಮೇಲೆಯೇ ಇರುತ್ತದೆ, ನನ್ನ ಬೆರಳುಗಳಿಗೂ ನನ್ನ ಪ್ರಬಂಧಗಳಿಗೂ ಅದರ ವಿಮರ್ಶೆ ಬೇಕು.

ಸೇರಿನೊಳಗಿನ ಬೇಳೆ ಅಂದು ಸಂಜೆಯೇ ಒಲೆ ಏರಿತು. ಇಷ್ಟು ದಿನ ನಿಂತಲ್ಲೇ ನಿಂತು ಸೇವೆ ಸಲ್ಲಿಸಿದ ಬೇಳೆ, ಬಹಳ ಮೆತ್ತಗೆ ಬೆಂದಿತ್ತು. ಸೇರು ಅಡುಗೆಮನೆಗೆ ಹೋಗಿ ತನ್ನ ಮೂಲ ಹುದ್ದೆಯಲ್ಲಿ ಕುಳಿತಿದೆ. ಹೊಸ ಲ್ಯಾಪ್‌ಟಾಪು ಇನ್ನೂ ಬರಬೇಕು. ಅಲ್ಲಿಯವರೆಗೆ, ದಿನವೂ ಮಧ್ಯಾಹ್ನದ ಊಟವಾದ ಮೇಲೆ, ತೆರವಾದ ಸೇರಿನ ಜಾಗದಲ್ಲಿ ಪ್ರಭಾರ ವಹಿಸಿಕೊಂಡು ನಾನು ಕೂರುತ್ತೇನೆ.